ಪರಾತದಲ್ಲಿ ಬೆರೆತ ಗುಳಿಗೆಗಳು

ಬೆಳಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ಭಾಲ್ಕಿ ಬಸ್ ನಿಲ್ದಾಣದಲ್ಲಿ ಅಪರಿಚಿತ ಯುವಕನೊಬ್ಬ ಕೇಶರಳ ಕುತ್ತಿಗೆಯನ್ನೇ ದಿಟ್ಟಿಸಿ ನೋಡುತ್ತಿದ್ದ.

2023ರ ನವೆಂಬರ್ ತಿಂಗಳು. ಮುಂಗಾರು ಕೈಕೊಟ್ಟಿತ್ತು, ಹಿಂಗಾರು ಬಂದಿರಲಿಲ್ಲ. ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೊರಟವರ ಗಂಟುಮೂಟೆ, ಕೊಡ, ಕೋಳಿಪಂಜರಗಳ ನಡುವೆ ನಿಲ್ಲಲೂ ಜಾಗವಿರಲಿಲ್ಲ. ಆ ಗದ್ದಲದಲ್ಲೂ ಬೆನ್ನಿಗೆ ನೆಟ್ಟ ಎರಡು ಕಣ್ಣು ಕೇಶರಳಿಗೆ ಗೊತ್ತಾದವು.

ಓಢಣಿಯನ್ನು ಕುತ್ತಿಗೆಗೆ ಸುತ್ತಿಕೊಂಡು ಗರ್ರನೆ ತಿರುಗಿದಳು.

"ಏನ್ರೀ, ಏನ್ ನೋಡ್ಲತ್ತೀರಿ?"

"ಇಲ್ರಿ… ಏನಿಲ್ರಿ."

"ಏನಿಲ್ಲ ಅಂದ್ರ? ಆಗಳಿಂದ ನೋಡ್ಲತ್ತೀರಿ! ಮನ್ಯಾಗ ಅಕ್ಕ ತಂಗಿ ಇಲ್ಲೇನು ನಿಮಗ?"

"ಅಕ್ಕ ಅದಾಳ್ರಿ," ಎಂದ ಅವನು ಗಾಬರಿಯಲ್ಲಿ. "ಕಮಲನಗರಕ್ಕ ಕೊಟ್ಟೀವಿ."

ಗಂಟಿನ ಮೇಲೆ ಕುಳಿತ ಮುದುಕಿಯೊಬ್ಬಳು ನಕ್ಕಳು. "ಅಕ್ಕನ ಪತ್ತಾ ಯಾರ್ ಕೇಳ್ಯಾರೋ ತಮ್ಮಾ!"

ಸುತ್ತಲಿನವರೂ ನಕ್ಕರು. ಯುವಕನ ಮುಖ ಕೆಂಪಾಯಿತು. ಅವನ ಬಳಿ ಉತ್ತರವಿತ್ತು. ಆದರೆ ಅದು ಬಸ್ ನಿಲ್ದಾಣದಲ್ಲಿ ನಾಲ್ಕು ಜನರ ಮುಂದೆ ಹೇಳುವಂಥದ್ದಾಗಿರಲಿಲ್ಲ.

ಬೀದರ್ ಬಸ್ಸು ಬಂತು. ಅವನು ಸೀಟು ಹಿಡಿಯಲಿಲ್ಲ. ಬೀದರ್‌ವರೆಗೂ ಬಾಗಿಲ ಬಳಿ, ರಸ್ತೆ ಕಡೆ ಮುಖ ಮಾಡಿ ನಿಂತೇ ಬಂದ.

'ಸರಿಯಾಗಿ ಉಗಿದೆ,' ಎಂದುಕೊಂಡಳು ಕೇಶರ. ಆದರೂ ಕೈ ಮತ್ತೆ ಮತ್ತೆ ಓಢಣಿಯ ಮೇಲೆ ಹೋಗುತ್ತಿತ್ತು. 'ಅವನಿಗೂ ಕಂಡಿತೇ ಆ ಕಪ್ಪು?'

*

ಕೇಶರಳಿಗೆ ಇಪ್ಪತ್ತಾರು ವರ್ಷ. ಹುಟ್ಟುವಾಗಲೇ ತಾಯಿಯಿಂದ ಎಚ್‌ಐವಿ ಬಂದಿತ್ತು. ಅಪ್ಪ ಅವ್ವ ಇಬ್ಬರೂ ಅವಳು ಶಾಲೆಗೆ ಸೇರುವ ಮೊದಲೇ ತೀರಿಕೊಂಡಿದ್ದರು. ಸಾಕಿದವಳು ಚಿಕ್ಕಪ್ಪನ ಹೆಂಡತಿ, ಕಾಕು ಗಿರಿಜಾಬಾಯಿ. ಚಿಕ್ಕಂದಿನಿಂದಲೂ ತಪ್ಪದೆ ಗುಳಿಗೆ ತಿಂದು, ಹತ್ತನೇ ಇಯತ್ತೆ ಪಾಸಾಗಿ, ಹೊಲಿಗೆ ಕಲಿತು, ಭಾಲ್ಕಿಯಲ್ಲಿ ಸೀರೆಗೆ ಫಾಲ್-ಪಿಕೊ ಹಾಕುವ ಸ್ವಂತ ಅಂಗಡಿ ಇಟ್ಟಿದ್ದಳು.

ಅಂದು ಬೀದರ್‌ನ ಎಆರ್‌ಟಿ ಕೇಂದ್ರದಲ್ಲಿ, ಅಂದರೆ ಎಚ್‌ಐವಿ ಇರುವವರಿಗೆ ಸರ್ಕಾರ ಉಚಿತವಾಗಿ ಔಷಧ ಕೊಡುವಲ್ಲಿ, ಗುಳಿಗೆ ತೆಗೆದುಕೊಂಡು ಹೊರಟಾಗ ನರ್ಸ್ ಕರೆದರು.

"ಕೇಶರ, ಬಾಜೂ ಖೋಲಿಗೆ ಹೋಗಿ ಬಾ. ಡಾಕ್ಟರ್ ನಜಮೋದ್ದೀನ ಅವರದೊಂದು ಅಧ್ಯಯನ ನಡೆದದ. ಕೇಳಿ ನೋಡು. ಸೇರೋದು ಬಿಡೋದು ನಿನ್ನ ಮರ್ಜಿ."

ಪಕ್ಕದ ಕೋಣೆಯ ಬಾಗಿಲು ತಳ್ಳಿದಳು. ಮೇಜಿನ ಹಿಂದೆ ಕುಳಿತವನು ತಲೆ ಎತ್ತಿದ.

"ನೀವಾ…!"

"ನಾನೇ ರಿ. ಮಚ್ಛೇಂದ್ರ ಅಂತ ಹೆಸರು. ಕೂಡ್ರಿ."

"ನಿಂತೇ ಕೇಳ್ತೇನಿ."

ಅವನು ಎದ್ದು ನಿಂತ. "ಹಂಗಾದ್ರ ನಾನೂ ನಿಂತೇ ಹೇಳ್ತೇನಿ. ನಾ ನೋಡಿದ್ದು ನಿಮ್ಮ ಕುತ್ತಿಗಿ ಹಿಂದಿನ ಕಪ್ಪು ಪಟ್ಟಿ. ಈ ಅಧ್ಯಯನದ ಕೆಲಸಕ್ಕ ಸೇರಿದಾಗಿಂದ ನನಗ ಎಲ್ಲರ ಕುತ್ತಿಗಿ ಮ್ಯಾಲೇ ಕಣ್ಣು. ಮೊನ್ನಿ ಒಬ್ಬ ಕಂಡಕ್ಟರ್ ಕಡಿಂದಾನೂ ಬೈಸ್ಕೊಂಡೀನಿ. ಆದ್ರ ಹಂಗ ನೋಡಬಾರದಿತ್ತು. ತಪ್ಪಾತ್ರಿ."

ಎರಡು ವರ್ಷದಿಂದ ಕೇಶರ ಆ ಕಪ್ಪನ್ನು ಕಡಲೆಹಿಟ್ಟು, ನಿಂಬೆಹುಳಿ, ತೆಂಗಿನ ನಾರು ಹಾಕಿ ಉಜ್ಜಿದ್ದಳು. ಚರ್ಮ ಸುಲಿದಿತ್ತು, ಕಪ್ಪು ಹೋಗಿರಲಿಲ್ಲ. ತನಗಾಗಿ ಎತ್ತರದ ಕಾಲರಿನ ಕುರ್ತಾ ಮಾತ್ರ ಹೊಲಿದುಕೊಳ್ಳುತ್ತಿದ್ದಳು, ಆದರೂ ತಲೆ ಬಾಗಿಸಿದಾಗ ಕಪ್ಪಿನ ಅಂಚು ಇಣುಕುತ್ತಿತ್ತು.

"ಅದು ಹೊಲಸಲ್ರಿ," ಎಂದ ಮಚ್ಛೇಂದ್ರ ಮೆಲ್ಲಗೆ. "ಉಜ್ಜಬ್ಯಾಡ್ರಿ."

"ಮತ್ತೇನದು?"

"ರಕ್ತಪರೀಕ್ಷಾ ಮಾಡೇ ಹೇಳಬೇಕು. ಆದ್ರ ಭಾಳ ಸಲ ಹಿಂಗಿರ್ತದ. ಊಟ ಮಾಡಿದ ಮ್ಯಾಲೆ ರಕ್ತದಾಗ ಸಕ್ಕರಿ ಬರ್ತದಲ್ಲ, ಇನ್ಸುಲಿನ್ ಹೋಗಿ ಬಾಗಿಲ ಬಡೀತದ, ತಗೋರಿ ಒಳಗ ಅಂತ. ಒಳಗಿನವರು ಕಿವಿಗೆ ಹಾಕ್ಕೊಳ್ಳಂಗಿಲ್ಲ. ಇನ್ನೂ ಜೋರಾಗಿ ಬಡೀಬೇಕಾಗ್ತದ."

"ನಮ್ಮ ಕಾಕು ಇದ್ದಂಗ," ಎಂದುಬಿಟ್ಟಳು ಕೇಶರ.

ಇಬ್ಬರೂ ನಕ್ಕರು. ನಕ್ಕ ಮೇಲೆ ನಿಂತಿರುವುದು ಇಬ್ಬರಿಗೂ ವಿಚಿತ್ರವೆನಿಸಿ, ಕುಳಿತರು.

ರಕ್ತಪರೀಕ್ಷೆ ಅವನ ಮಾತನ್ನೇ ಹೇಳಿತು. ಸಕ್ಕರೆ ಕಾಯಿಲೆ ಇನ್ನೂ ಬಂದಿರಲಿಲ್ಲ, ಆದರೆ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುತ್ತಿರಲಿಲ್ಲ. ಅದರಿಂದ ರಕ್ತದಲ್ಲಿ ಹೆಚ್ಚಿದ ಇನ್ಸುಲಿನ್ನೇ ಕುತ್ತಿಗೆಯ ಚರ್ಮವನ್ನು ಕಪ್ಪಾಗಿಸಿತ್ತು. ಎಚ್‌ಐವಿ ಇರುವವರಲ್ಲಿ ಇದು ಅಪರೂಪವಲ್ಲ. ಸೋಂಕು, ಹಿಂದೆ ಕೊಡುತ್ತಿದ್ದ ಕೆಲವು ಔಷಧಗಳು, ಹೆಚ್ಚುವ ತೂಕ, ಎಲ್ಲವೂ ಕಾರಣವಾಗಬಹುದು.

ಕ್ರೋಮಿಯಂ ಎಂಬ ಖನಿಜದ ಪೂರಕ ಗುಳಿಗೆ ಇದಕ್ಕೆ ಉಪಯೋಗವೇ ಎಂಬುದು ಡಾ. ನಜಮೋದ್ದೀನರ ಪ್ರಶ್ನೆ. ಹಿಂದಿನ ಕೆಲವು ಸಣ್ಣ ಅಧ್ಯಯನಗಳು ಹೌದು ಎಂದಿದ್ದವು, ಕೆಲವು ಇಲ್ಲ ಎಂದಿದ್ದವು. ಅದಕ್ಕಾಗಿ ಈ ಅಧ್ಯಯನದಲ್ಲಿ ಅರ್ಧ ಜನರಿಗೆ ಕ್ರೋಮಿಯಂ ಗುಳಿಗೆ, ಇನ್ನರ್ಧ ಜನರಿಗೆ ಔಷಧವೇ ಇಲ್ಲದ ಖಾಲಿ ಗುಳಿಗೆ. ನೋಡಲು ಎರಡೂ ಒಂದೇ.

"ನನಗ ಯಾವುದು ಬರ್ತದ?" ಕೇಳಿದಳು ಕೇಶರ.

"ನನಗೂ ಗೊತ್ತಿಲ್ರಿ. ಕೊಡೋರಿಗೂ ಗೊತ್ತಿರಬಾರದು, ತಿನ್ನೋರಿಗೂ ಗೊತ್ತಿರಬಾರದು. ಆಗ ಮಾತ್ರ ಉತ್ತರ ಬರಾಬರ ಬರ್ತದ."

ಖರೇ ಹೇಳುವ ಮನುಷ್ಯ ಎನಿಸಿತು ಅವಳಿಗೆ. ಸಹಿ ಹಾಕಿದಳು.

*

ಭಾಲ್ಕಿ ಮತ್ತು ಔರಾದ ತಾಲೂಕಿನವರದು ಒಂದು ಗುಂಪಾಯಿತು. ಬಹುತೇಕ ಹೆಂಗಸರು. ಔರಾದದ ಗುಂಡಮ್ಮ, ಭಾಲ್ಕಿಯ ಆಬೇದಾ, ಕಬ್ಬು ಕಡಿಯಲು ಹೋಗಿ ಔಷಧಕ್ಕೆಂದು ತಿಂಗಳಿಗೊಮ್ಮೆ ಬರುತ್ತಿದ್ದ ಪಂಢರಿ. ಒಂದು ತಿಂಗಳು ಕೇಶರಳ ಮನೆಯಲ್ಲಿ ಸೇರಿದರೆ ಮರು ತಿಂಗಳು ಗುಂಡಮ್ಮನ ಮನೆಯಲ್ಲಿ.

ಮಚ್ಛೇಂದ್ರ ಗುಳಿಗೆ ಬಾಟಲಿ ತರುತ್ತಿದ್ದ. ತೂಕ ನೋಡುತ್ತಿದ್ದ. ಹೆಂಗಸರ ಸೊಂಟದ ಅಳತೆ ಕೇಶರ ತೆಗೆಯುತ್ತಿದ್ದಳು, ಅವನು ಗೋಡೆ ಕಡೆ ತಿರುಗಿ ಬರೆದುಕೊಳ್ಳುತ್ತಿದ್ದ.

"ಗುಂಡಮ್ಮಕ್ಕಾ, ಉಸಿರು ಒಳಗ ಹಿಡೀಬ್ಯಾಡ್ರಿ!"

"ಸಾಹೇಬರ ಮುಂದ ಅಷ್ಟಾದ್ರೂ ಮರ್ಯಾದಿ ಬ್ಯಾಡೇನ?"

ಆಮೇಲೆ ಅವನ ಮಾತು. ಜೋಳದ ರೊಟ್ಟಿ ಬಿಡಬೇಡಿ, ಬೇಳೆ, ಸೊಪ್ಪು ಹೆಚ್ಚು ತಿನ್ನಿ, ದಿನಾ ನಡೆಯಿರಿ, ಎಚ್‌ಐವಿ ಗುಳಿಗೆ ಒಂದು ಹೊತ್ತೂ ತಪ್ಪಿಸಬೇಡಿ. ಹೊಸ ಗುಳಿಗೆ ಉಪಯೋಗವಾದೀತೋ ಇಲ್ಲವೋ ಗೊತ್ತಿಲ್ಲ, ಇವು ಮಾತ್ರ ಗ್ಯಾರಂಟಿ.

ಕೇಶರ ನಡೆಯತೊಡಗಿದಳು. ಬೆಳಗಿನ ಹೊತ್ತು ಕೋಟೆಯ ಕಡೆಗೆ ಹೋಗಿ ಬರುವಾಗ ಅವನ ಮಾತು ನೆನಪಾಗಿ ಒಬ್ಬಳೇ ನಗುತ್ತಿದ್ದಳು. 'ಇದೇನು ಹುಚ್ಚು…' ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಅವನು ಬರುವ ದಿನ ಮಾತ್ರ ಕಾಲರಿಲ್ಲದ ಕುರ್ತಾ ಹಾಕಿಕೊಳ್ಳುತ್ತಿದ್ದಳು!

ಅವನೋ, ಅವಳು ಮಾತಾಡುವಾಗಲೆಲ್ಲ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.

"ನಾ ಕ್ಯಾಲೆಂಡರ್ ಮ್ಯಾಲೆ ಇದ್ದೀನೇನ್ರಿ?"

"ನೋಡಿದ್ರ ಬೈತೀರಿ, ನೋಡದಿದ್ರೂ ಬೈತೀರಿ. ನಾ ಏನ್ ಮಾಡ್ಲಿ ಹೇಳ್ರಿ?"

ಆಬೇದಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಒಂದೇ ಒಂದು ಕೊರತೆ. ಅವನು ಕೇಶರಳ ಮನೆಯಲ್ಲಿ ಚಹಾ ಕುಡಿಯುತ್ತಿರಲಿಲ್ಲ.

"ನಿಮ್ಮ ಮಾತು ಕೇಳಿ ಸಕ್ಕರಿನೂ ಹಾಕಿಲ್ರಿ. ಕುಡೀರಿ."

"ಬ್ಯಾಡ್ರಿ. ಅಧ್ಯಯನದಾಗ ಇದ್ದವರ ಮನ್ಯಾಗ ಏನೂ ತಗೋಬಾರದು ಅಂತ ನಿಯಮ ಅದ."

"ಚಹಾಕ್ಕೂ ನಿಯಮ ಇರ್ತದೇನು?"

"ಇರ್ತದ್ರಿ."

ಕೇಶರ ಬಟ್ಟಲನ್ನು ಸುಮ್ಮನೆ ಒಳಗೆ ಒಯ್ದಳು.

ಇಂಥ ನೆಪಗಳನ್ನು ಅವಳು ಚಿಕ್ಕಂದಿನಿಂದ ಕೇಳಿದ್ದಳು. 'ಈಗಷ್ಟೇ ಊಟ ಆತು.' 'ಇವತ್ತು ಉಪವಾಸ.' 'ಡಾಕ್ಟರ್ ಚಹಾ ಬಿಡು ಅಂದಾರ.' ಅವರ ಮನೆಯ ಬಟ್ಟಲು ಮುಟ್ಟದಿರಲು ಜನ ಏನೇನೋ ಹೇಳುತ್ತಿದ್ದರು. ನಿಯಮ ಎಂಬುದು ಹೊಸದು, ಅಷ್ಟೇ.

ಒಂದು ಸಂಜೆ ಚೌಕದ ಹೋಟೆಲಿನಲ್ಲಿ ಅವನನ್ನು ಕಂಡಳು. ಬಟ್ಟಲು ಊದಿ ಊದಿ, ಕಣ್ಣು ಮುಚ್ಚಿ, ಚಹಾ ಕುಡಿಯುತ್ತಿದ್ದ.

'ಎಲ್ಲಾ ತಿಳಿದವರೂ ಹೇಸುತ್ತಾರೆ… ಹಾಗಾದರೆ ತಿಳಿಯದವರ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ?'

*

ಫೆಬ್ರವರಿಯಲ್ಲಿ ಮಚ್ಛೇಂದ್ರ ಒಂದು ದಿನ ಹೇಳಿದ ಹೊತ್ತಿಗಿಂತ ಮೊದಲೇ ಭಾಲ್ಕಿಗೆ ಬಂದ. ಆ ತಿಂಗಳ ಬಾಟಲಿಗಳನ್ನು ಹಿಂದಿನ ದಿನವೇ ಕೊಟ್ಟಿದ್ದ, ಹಿಂದಿನ ತಿಂಗಳ ಬಾಟಲಿಗಳನ್ನು ಎಣಿಸಿ ಒಯ್ಯಬೇಕಿತ್ತು. ಬಾಗಿಲು ತೆರೆದೇ ಇತ್ತು.

ಒಳಗೆ ಗುಂಪಿನವರೆಲ್ಲ ದುಂಡಗೆ ಕುಳಿತಿದ್ದರು. ನಡುವೆ ಹಿಟ್ಟು ನಾದುವ ದೊಡ್ಡ ಪರಾತ. ಪರಾತದ ತುಂಬ ಗುಳಿಗೆ. ಆಬೇದಾ ತನ್ನ ಬಾಟಲಿಯನ್ನೂ ಬೋರಲು ಹಾಕಿದಳು. ಗುಂಡಮ್ಮ ಚುರಮುರಿ ಬೆರೆಸುವಂತೆ ಎರಡೂ ಕೈಯಿಂದ ಗುಳಿಗೆ ಬೆರೆಸುತ್ತಿದ್ದಳು.

"ಏನ್… ಏನ್ ಮಾಡ್ಲತ್ತೀರಿ?" ಮಚ್ಛೇಂದ್ರ ಬಾಗಿಲಲ್ಲೇ ನಿಂತು ಕೇಳಿದ.

"ಬರ್ರಿ ಸಾಹೇಬ್ರ, ಕೂಡ್ರಿ," ಎಂದಳು ಗುಂಡಮ್ಮ ಸಂಭ್ರಮದಿಂದ. "ಹಂಚ್ಲತ್ತೀವಿ. ಒಬ್ಬರಿಗೆ ಖರೇ ಗುಳಿಗಿ, ಒಬ್ಬರಿಗೆ ಖಾಲಿ ಗುಳಿಗಿ ಅಂದ್ರ ಯಾವ ನ್ಯಾಯ? ಎಲ್ಲಾ ಕೂಡಿಸಿಬಿಟ್ರ ಎಲ್ಲರಿಗೂ ಸಮ."

"ಯಾವಾಗಿಂದ?"

"ಮೊದಲನೇ ತಿಂಗಳಿಂದ!"

ಪಂಢರಿ ವಿವರಿಸಿದ. "ಕಬ್ಬು ಕಡಿಯೋ ಮಂದಿ ಟೋಳಿಯೊಳಗ ಹಿಂಗೇ ರಿ. ಮಧ್ಯಾಹ್ನ ಎಲ್ಲರ ಬುತ್ತಿ ಒಂದೇ ಅರಿವಿ ಮ್ಯಾಲೆ ಬಿಚ್ಚತೇವಿ. ಬಿಳಿ ರೊಟ್ಟಿ, ಕರಿ ರೊಟ್ಟಿ, ಎಲ್ಲಾ ಕೂಡಿಸಿ ಹಂಚ್ಕೊಂಡು ತಿಂತೇವಿ. ಟೋಳಿಯಾಗ ತನ್ನ ಬುತ್ತಿ ತಾನೇ ತಿಂದವನ ಜೊತಿ ಮತ್ತ ಯಾರೂ ಕೂಡಂಗಿಲ್ಲ."

ಮಚ್ಛೇಂದ್ರ ನೆಲದ ಮೇಲೆ ಕುಳಿತುಬಿಟ್ಟ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾಲ್ಕು ತಿಂಗಳ ಕೆಲಸ! ಯಾರ ಹೊಟ್ಟೆಗೆ ಎಷ್ಟು ಕ್ರೋಮಿಯಂ ಹೋಗಿದೆ ಎಂದು ಇನ್ನು ಯಾರೂ ಹೇಳಲಾರರು.

"ವಿಚಾರ ನಂದು," ಕೇಶರ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು. "ಅವರಿಗೆ ಬೈಬ್ಯಾಡ್ರಿ."

"ಯಾರಿಗೂ ಬೈಯಂಗಿಲ್ರಿ. ಆದ್ರ ಡಾಕ್ಟರಿಗೆ ಹೇಳಬೇಕಾಗ್ತದ."

"ಹೇಳಿದ್ರ ಏನಾಗ್ತದ?"

"ಎಚ್‌ಐವಿ ಔಷಧ ನಿಲ್ಲಂಗಿಲ್ಲ, ಅದರ ಚಿಂತಿ ಬ್ಯಾಡ. ಈ ಗುಂಪಿಗೆ ಈ ಗುಳಿಗಿ ನಿಲ್ತಾವ. ನಾ ಬರೋದೂ… ನಿಲ್ತದ."

ಗುಂಡಮ್ಮ ಪರಾತದಿಂದ ಕೈ ತೆಗೆದಳು.

"ಹೇಳಬ್ಯಾಡ್ರಿ," ಎಂದಳು ಕೇಶರ. "ಇವತ್ತಿನಿಂದ ಹಂಚಂಗಿಲ್ಲ. ಆಣಿ ಮಾಡ್ತೇನಿ."

"ಮುಚ್ಚಿಟ್ರ ಉತ್ತರ ತಪ್ಪು ಬರ್ತದ. ನಾಳಿ ಆ ತಪ್ಪು ಉತ್ತರ ನಂಬಿ ಯಾವುದೋ ಊರಾಗ ಯಾರೋ ಗುಳಿಗಿ ತಿಂತಾರ, ಇಲ್ಲಾ ತಿನ್ನೋದು ಬಿಡ್ತಾರ. ಅದು ಆಗಬಾರದು, ಕೇಶರ."

ಹೆಸರಿನ ಮುಂದೆ ಅವರೇ ಎಂದು ಸೇರಿಸದೆ ಅವನು ಕರೆದದ್ದು ಅದೇ ಮೊದಲು. ಬೇರೆ ದಿನವಾಗಿದ್ದರೆ ಕೇಶರ ಆ ಒಂದು ಕರೆಯನ್ನು ವಾರವೆಲ್ಲ ಮೆಲುಕು ಹಾಕುತ್ತಿದ್ದಳು.

ಒಳಗೆ ಹೋಗಿ ಚಹಾದ ಬಟ್ಟಲು ತಂದು ಅವನ ಮುಂದಿಟ್ಟಳು.

"ಖರೇ ಹೇಳೋ ಮನುಷ್ಯ ಅಲ್ಲ ನೀವು? ಹಂಗಾದ್ರ ನನಗೂ ಖರೇ ಹೇಳ್ರಿ. ಹೋಟೆಲಿನ್ಯಾಗ ಕುಡೀತೀರಿ. ನಮ್ಮ ಮನ್ಯಾಗ ಕುಡ್ಯಂಗಿಲ್ಲ. ನಮಗ… ನನಗ ಹೇಸ್ತೀರೇನು?"

ಅವನ ಮುಖ ಬಿಳಿಚಿಕೊಂಡಿತು. ಎಲ್ಲರೂ ನೋಡುತ್ತಿದ್ದರು.

"ನಿಯಮ ಅದ್ರಿ," ಎಂದ. ಅಷ್ಟೇ. ಎದ್ದು, ಖಾಲಿ ಬಾಟಲಿಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟುಹೋದ.

ಚಹಾ ಅಲ್ಲೇ ಆರಿತು.

*

ಆ ವರ್ಷ ಮದುವೆಗಳೇ ಕಡಿಮೆ. ಅಂಗಡಿಗೆ ಸೀರೆ ಬರುತ್ತಿರಲಿಲ್ಲ. ಗಿರಿಜಾಬಾಯಿಯ ಅಕ್ಕನ ಮಗಳು ಪುಣೆಯಲ್ಲಿ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿದ್ದಳು. 'ಬಾ, ಕೆಲಸ ಕೊಡಿಸ್ತೇನಿ' ಎಂದು ಫೋನ್ ಮಾಡುತ್ತಲೇ ಇದ್ದಳು.

"ಹೋಗ್ತೇನಿ ಕಾಕು," ಎಂದಳು ಕೇಶರ ಒಂದು ದಿನ.

"ಹೊಟ್ಟಿಪಾಡಿಗೆ ಹೊಂಟೀದಿಯೋ, ಅವನ ಮ್ಯಾಲಿನ ಸಿಟ್ಟಿಗೆ ಹೊಂಟೀದಿಯೋ?"

"ಯಾವನ ಮ್ಯಾಲೆ?"

"ನಾ ಕುರುಡಿ ಅಲ್ಲವ್ವಾ."

ಕೇಶರ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟಳು. ಕಣ್ಣೀರಿನ ಒಂದೆರಡು ಹನಿಯೂ ಯಂತ್ರದ ಮೇಲೆ ಬಿದ್ದವು. 'ಹೋಗಲಿ… ಪುಣೆಯಲ್ಲಿ ಯಾರ ದಾರಿಯನ್ನೂ ಕಾಯಬೇಕಿಲ್ಲ.'

ಮಾರ್ಚ್‌ನಲ್ಲಿ ಗುಂಪಿನವರಿಗೆ ಔರಾದಕ್ಕೆ ಬರಲು ಕರೆ ಬಂತು. ಗುಂಡಮ್ಮನ ಮನೆಗೆ ಡಾ. ನಜಮೋದ್ದೀನ ಅವರೇ ಬಂದಿದ್ದರು. ನರೆತ ಗಡ್ಡದ, ನಿಧಾನ ಮಾತಿನ ಮನುಷ್ಯ. ಮಚ್ಛೇಂದ್ರ ಕಾಣಲಿಲ್ಲ.

"ನೋಡ್ರಿ, ನಿಮ್ಮ ಗುಂಪಿನ ಗುಳಿಗಿ ನಿಲ್ಲಿಸೀವಿ. ಇವತ್ತಿನಿಂದ ನೀವು ಯಾರೂ ಅಧ್ಯಯನದೊಳಗಿಲ್ಲ," ಎಂದರು ಡಾಕ್ಟರು. "ಯಾರಿಗೂ ಅಪಾಯ ಆಗಿಲ್ಲ. ರಕ್ತಪರೀಕ್ಷಾ ಮಾಡ್ತೇವಿ, ಸಲಹಾ ಕೊಡ್ತೇವಿ. ಊಟ, ನಡಿಗಿ ಬಿಡಬ್ಯಾಡ್ರಿ."

"ನಮ್ಮ ತಪ್ಪಿನಿಂದ ಆ ಹುಡುಗನ ನೌಕರಿ ಹೋತೇನ್ರಿ?" ಕೇಳಿದಳು ಆಬೇದಾ.

"ಇಲ್ಲ. ಆದ್ರ ನಿಮ್ಮ ತಪ್ಪು ಅಂತ ಅವ ಹೇಳೇ ಇಲ್ಲ. ಹಂಚ್ಕೊಂಡು ತಿನ್ನೋ ಮಂದಿ ಮುಂದ ಯಾಕ ಹಂಚಬಾರದು ಅಂತ ತಿಳಿಸಿ ಹೇಳಲಿಲ್ಲ, ತಪ್ಪು ನಂದು ಅಂದ. ಬರೋಬರಿ ಅದ. ನನಗೂ ಹೊಳೀಲಿಲ್ಲ."

ಕೇಶರ ಕೆಳಗೆ ನೋಡುತ್ತ ಕೇಳಿದಳು. "ಅವರು… ಇವತ್ತು ಯಾಕ ಬಂದಿಲ್ರಿ?"

"ಬ್ಯಾರೆ ಗುಂಪಿಗೆ ಹಾಕೀವಿ. ಅವನೇ ಕೇಳ್ಕೊಂಡ."

ಅವನೇ ಕೇಳಿಕೊಂಡ! ಕೇಶರಳ ಕಿವಿಯಲ್ಲಿ ಆ ಮಾತು ಕಾದ ಸೀಸದಂತೆ ಇಳಿಯಿತು.

ಗುಂಡಮ್ಮನಿಗೆ ತಡೆಯಲಾಗಲಿಲ್ಲ. "ಡಾಕ್ಟರ್ ಸಾಹೇಬ್ರ, ಒಂದ್ ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಮ್ಮ ಮನ್ಯಾಗ ಚಹಾ ಕುಡೀಬಾರದು ಅಂತ ನಿಯಮ ಅದ ಅಂತಿದ್ದ ಆ ಹುಡುಗ. ಖರೇ ಏನು, ನೆವ ಏನು?"

"ಖರೇ. ನಾನೇ ಮಾಡಿದ ನಿಯಮ," ಎಂದರು ಡಾಕ್ಟರು. "ಇಂದು ನಮ್ಮ ಹುಡುಗರು ಚಹಾ ಕುಡಿತಾರ, ನಾಳಿ ಕೋಳಿ ತಿಂತಾರ, ನಾಡದು ಅವರು ಹೇಳಿದ್ದಕ್ಕ ನೀವು ಇಲ್ಲಾ ಅನ್ನಲಾರ್ರಿ. ಅದಕ್ಕ ಏನೂ ತಗೋಬಾರದು. ಎಲ್ಲಾ ಗುಂಪಿಗೂ ಅದೇ ನಿಯಮ."

"ಹಂಗಾದ್ರ ಅವ ಯಾರ ಮನ್ಯಾಗೂ…"

"ಯಾರ ಮನ್ಯಾಗೂ ಕುಡೀಲಿಲ್ಲ. ಬಿಸಿಲಾಗ ನೀರಿನ ಬಾಟ್ಲಿ ಬ್ಯಾಗಿನ್ಯಾಗ ಇಟ್ಕೊಂಡು ತಿರುಗ್ಯಾನ." ಡಾಕ್ಟರು ಸುತ್ತ ನೋಡಿದರು. "ಈಗ ನೀವು ಅಧ್ಯಯನದಾಗ ಇಲ್ಲಲ್ಲ? ಹಂಗಾದ್ರ ಗುಂಡಮ್ಮನವರ, ನನಗೊಂದು ಕಪ್ ಮಾಡ್ರಿ. ಸಕ್ಕರಿ ಜರಾ ಜಾಸ್ತಿ ಇರ್ಲಿ."

ಎಲ್ಲರೂ ಹೋ ಎಂದು ನಕ್ಕರು. ಕೇಶರ ನಗಲಿಲ್ಲ. ಎಲ್ಲರ ಮುಂದೆ ತಾನು ಕೇಳಿದ ಪ್ರಶ್ನೆ, ಬಿಳಿಚಿದ ಆ ಮುಖ, ಎಲ್ಲವೂ ಕಣ್ಣ ಮುಂದೆ ಬಂದು ನಿಂತವು. ಅವನು ಖರೇ ಹೇಳಿದ್ದ. ಪ್ರತಿ ಸಲವೂ. ತಾನೇ ನಂಬಿರಲಿಲ್ಲ.

"ಬ್ಯಾರೆ ಗುಂಪು ಯಾಕ ಕೇಳಿದ್ರು ಅವರು?" ಮೆಲ್ಲಗೆ ಕೇಳಿದಳು.

ಡಾಕ್ಟರು ಅವಳನ್ನು ನೋಡಿದರು. ಗಡ್ಡದೊಳಗೆ ಒಂದು ಸಣ್ಣ ನಗು. "ಕಾರಣ ನನಗ ಹೇಳ್ಯಾನ. ಆದ್ರ ಅದು ಅವನ ಬಾಯಿಂದ ಬರಬೇಕು. ಈ ವಾರ ರಜಾ ಮ್ಯಾಲೆ ಚಿಂತಾಕಿಗೆ ಹೋಗ್ಯಾನ, ಅವರವ್ವನ ಹತ್ರ."

ಗುಂಡಮ್ಮ ಕೇಶರಳ ಬೆನ್ನಿಗೆ ಒಂದು ಗುದ್ದು ಕೊಟ್ಟಳು. "ಚೌಕಿನ್ಯಾಗ ಚಿಂತಾಕಿ ಟಮ್‌ಟಮ್ ನಿಂತದ. ಇನ್ನೂ ಯಾಕ ಕೂತಿ? ಏಳು!"

*

ಟಮ್‌ಟಮ್ ಆಟೋದಲ್ಲಿ ಹದಿಮೂರು ಜನ, ಎರಡು ಆಡು, ಕೇಶರ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡಳು. ಚಿಂತಾಕಿಯಲ್ಲಿ ಇಳಿಯುವಷ್ಟರಲ್ಲಿ ಎಲ್ಲ ಮರೆತುಹೋಗಿತ್ತು.

ಹುಡುಕುವ ಕಷ್ಟವಾಗಲಿಲ್ಲ. ಊರ ನಡುವೆ ನೀರಿನ ಟ್ಯಾಂಕರ್ ನಿಂತಿತ್ತು. ಕೊಡಗಳ ಉದ್ದ ಸಾಲು. ಆ ಸಾಲಿನಲ್ಲಿ ಹೆಂಗಸರ ನಡುವೆ ಒಬ್ಬನೇ ಗಂಡಸು, ಎರಡು ಪ್ಲಾಸ್ಟಿಕ್ ಕೊಡ ಹಿಡಿದ ಮಚ್ಛೇಂದ್ರ!

ಅವಳನ್ನು ಕಂಡು ಒಂದು ಕೊಡ ಕೈಜಾರಿ ಉರುಳಿತು.

"ನೀವು… ಇಲ್ಲಿ?"

"ನಾ ಭಾಲ್ಕಿಯಾಗ ಕೆಟ್ಟ ಮಾತಾಡಿದೆ. ಕ್ಷಮಾ ಕೇಳ್ಲಿಕ್ಕ ಬಂದೀನಿ."

"ಅಯ್ಯ, ಅದಕ್ಯಾಕ ಇಷ್ಟು ದೂರ…"

"ಇನ್ನೊಂದು ಕೇಳ್ಲಿಕ್ಕೂ ಬಂದೀನಿ. ನಮ್ಮ ಗುಂಪು ಬಿಟ್ಟು ಬ್ಯಾರೆ ಗುಂಪು ಯಾಕ ಕೇಳಿದ್ರಿ?"

ಸಾಲಿನ ಹೆಂಗಸರೆಲ್ಲ ಇತ್ತ ತಿರುಗಿದರು.

"ಏ ಮಚ್ಛ್ಯಾ," ಹಿಂದಿನಿಂದ ಒಬ್ಬಳು ಕೂಗಿದಳು, "ಉತ್ತರ ಕೊಡು, ಇಲ್ಲಾ ಕೊಡ ಮುಂದ ಸರಿಸು! ಟ್ಯಾಂಕರ್ ಖಾಲಿ ಆಗ್ಲತ್ತದ!"

"ಕಾಶೀಬಾಯಕ್ಕಾ, ನನ್ನ ಎರಡು ಕೊಡ ತುಂಬಸ್ರಿ," ಎಂದು ಬೇಡಿಕೊಂಡು ಅವನು ಕೇಶರಳನ್ನು ಬೇವಿನ ಮರದ ಕೆಳಗೆ ಕರೆದೊಯ್ದ. ಅಲ್ಲಿಗೆ ಯಾರ ಕಿವಿಯೂ ತಲುಪುತ್ತಿರಲಿಲ್ಲ.

ಈ ಸಲ ಅವನು ಎಲ್ಲಿಯೂ ತಿರುಗದೆ ಅವಳನ್ನೇ ನೋಡಿದ.

"ಗುಂಪಿನ್ಯಾಗ ಒಬ್ಬರ ಮ್ಯಾಲೆ ಮನಸಾಗ್ಯದ, ನಾ ಇನ್ನ ಅಲ್ಲಿ ಇರಬಾರದು ಅಂತ ಡಾಕ್ಟರಿಗೆ ಹೇಳಿದೆ. ನಾ ಕೊಡೋ ಗುಳಿಗಿ ತಿನ್ನೋರ ಹತ್ರ ಆ ಮಾತು ಆಡೋದು ತಪ್ಪು. ಬ್ಯಾಡ ಅನ್ನಬೇಕಂದ್ರೂ ನೀವು ಸಂಕೋಚ ಮಾಡ್ತಿದ್ರಿ."

"ನಾ ಸಂಕೋಚ ಮಾಡೋ ಪೈಕಿ ಕಾಣ್ತೇನೇನು?"

"ಇಲ್ಲ," ಎಂದು ನಕ್ಕ. "ಆದ್ರೂ."

ಕೇಶರಳ ಎದೆ ಟ್ಯಾಂಕರಿನ ಎಂಜಿನಿನಂತೆ ಹೊಡೆದುಕೊಳ್ಳುತ್ತಿತ್ತು.

"ಆ ಒಬ್ಬರು… ಯಾರು?"

"ಪಂಢರಿ ಅಂತೂ ಅಲ್ಲ."

ಅವಳು ನಕ್ಕಳು. ನಗುತ್ತಲೇ ಕಣ್ಣು ತುಂಬಿತು. ಎಷ್ಟೋ ರಾತ್ರಿ ಅವಳನ್ನು ಕಾಡಿದ ಪ್ರಶ್ನೆ ಈಗ ಬಾಯಿಗೆ ಬಂತು.

"ನನ್ನ ರೋಗದ ಹೆದರಿಕಿ ಇಲ್ಲೇನು ನಿಮಗ?"

"ಅದಕ್ಕ ಉತ್ತರ ನಿಮ್ಮ ಹತ್ರ ಅದ. ನಿಮ್ಮ ರಕ್ತದಾಗ ವೈರಸ್ ಎಷ್ಟದ ಅಂತ ಎಆರ್‌ಟಿ ಕೇಂದ್ರದವರು ವರ್ಷಾ ನೋಡ್ತಾರಲ್ಲ? ಅದು ನಿಮ್ಮದು, ನಾ ನೋಡಿಲ್ಲ. ನೋಡಲೂಬಾರದು. ನೀವು ಹೇಳಬೇಕನ್ನಿಸಿದ್ರ ಮಾತ್ರ…"

ಕಾಕುವಿನ ಹೊರತು ಯಾರಿಗೂ ಹೇಳದ ಮಾತು ಅದು. ಕೇಶರ ಹತ್ತಿರ ಬಂದು, ಗುಟ್ಟು ಹೇಳುವಂತೆ, ಅವನ ಕಿವಿಯ ಬಳಿ ಹೇಳಿದಳು.

"ಪತ್ತೆ ಇಲ್ಲ. ನಾಕು ವರ್ಷದಿಂದ… ಪತ್ತೆ ಇಲ್ಲ."

ಮಚ್ಛೇಂದ್ರ ಕಣ್ಣು ಮುಚ್ಚಿ ತೆರೆದ.

"ಗುಳಿಗಿ ತಪ್ಪದಂಗ ತಗೊಂಡು, ವೈರಸ್ ಪತ್ತೆ ಇಲ್ಲದಂಗ ಉಳಿದ್ರ, ಹೆಂಡ್ತಿಯಿಂದ ಗಂಡಗ ಹತ್ತಂಗಿಲ್ಲ. ಇದು ನಾ ಪ್ರೀತಿಗೆ ಅನ್ನೋ ಮಾತಲ್ಲ. ಸಾವಿರಾರು ಜೋಡಿ ನೋಡಿ ಖಾತ್ರಿ ಮಾಡಿದ ಮಾತು."

"ಹೆಂಡ್ತಿ ಅಂದ್ರಿ?"

"ಹೂಂ… ಅಂದೆ."

"ಪ್ರೀತಿಗೆ ಅನ್ನೋ ಮಾತು ಬ್ಯಾರೆ ಏನರೆ ಅದನೋ?"

"ಅದ." ಅವನು ಗಂಟಲು ಸರಿಮಾಡಿಕೊಂಡ. "ಪುಣೆಗೆ ಹೋಗಬ್ಯಾಡ ಕೇಶರ. ಹೋದ್ರೂ… ನನ್ನ ಬಿಟ್ಟು ಹೋಗಬ್ಯಾಡ."

"ಪುಣೆ ಸುದ್ದಿ ಯಾರು ಹೇಳಿದ್ರು?"

"ನಿನ್ನಿ ರಾತ್ರಿ ನಿಮ್ಮ ಕಾಕು ಫೋನ್ ಮಾಡಿ ಬೈದ್ರು. ಆ ಬೈಗುಳ ನಾ ಇಲ್ಲಿ ಹೇಳಂಗಿಲ್ಲ."

"ಮಚ್ಛ್ಯಾ! ಯಾರೋ ಅವರು?"

ತುಂಬಿದ ಕೊಡ ತಲೆಯ ಮೇಲೆ ಹೊತ್ತು ಅವನ ತಾಯಿ ಸುಭದ್ರಾಬಾಯಿ ದಾರಿಯಲ್ಲಿ ನಿಂತಿದ್ದಳು. ಕೇಶರ ಗಡಬಡಿಸಿ ಹಿಂದೆ ಸರಿದಳು.

"ಮನಿಗೆ ನಡಿಯವ್ವಾ, ಹೇಳ್ತೇನಿ," ಎಂದ ಮಚ್ಛೇಂದ್ರ. ಆಮೇಲೆ ಕೇಶರಳ ಕಡೆ ಬಾಗಿ ಮೆಲ್ಲಗೆ ಕೇಳಿದ. "ಅವ್ವಗ ಎಷ್ಟು ಹೇಳ್ಲಿ? ನೀ ಎಷ್ಟು ಅಂತೀದಿ ಅಷ್ಟೇ."

"ಎಲ್ಲಾ ಹೇಳ್ರಿ. ಅರ್ಧ ಮುಚ್ಚಿಟ್ಟು ನಾ ಯಾರ ಮನಿನೂ ಹೊಗಂಗಿಲ್ಲ."

"ಹೆದರಿಕಿ ಆಗ್ಲತ್ತದೇನು?"

"ಭಾಳ. ನೀವು ಬಾಜೂಕ ಕೂಡ್ತೀರಲ್ಲ?"

"ಕೂಡ್ತೇನಿ."

ಅಂದು ಸುಭದ್ರಾಬಾಯಿ ಎಲ್ಲವನ್ನೂ ಕೇಳಿದಳು, ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಮುಂದಿನ ಸೋಮವಾರ ಒಬ್ಬಳೇ ಬೀದರ್‌ಗೆ ಹೋಗಿ, ಡಾ. ನಜಮೋದ್ದೀನರ ಎದುರು ಕುಳಿತು, ತನಗಿದ್ದ ಅನುಮಾನಗಳನ್ನೆಲ್ಲ ಕೇಳಿ ಮುಗಿಸಿದಳು. ಅಲ್ಲಿಂದ ಸೀದಾ ಭಾಲ್ಕಿ ಬಸ್ಸು ಹತ್ತಿ, ಗಿರಿಜಾಬಾಯಿಯ ಮನೆಗೆ ಹೋಗಿ ಮಗನಿಗೆ ಹೆಣ್ಣು ಕೇಳಿದಳು.